ಟಿವಿ ಆನ್ ಮಾಡಿದ ಕೂಡಲೇ ಬರುವ ಪರದೆ ಯಾರದ್ದು?

ಹಿಂದೆ ಟಿವಿ ಆನ್ ಮಾಡಿದರೆ ಯಾವುದೋ ಒಂದು ಚಾನೆಲ್ ಬರುತ್ತಿತ್ತು. ಹಿಂದಿನ ರಾತ್ರಿ ಯಾವುದನ್ನು ನೋಡುತ್ತಾ ಆರಿಸಿದ್ದೆವೋ ಅದೇ. ಈಗ ಮೊದಲು ಬರುವುದು ಚಿತ್ರಗಳ ಸಾಲು. ಮೇಲೆ ದೊಡ್ಡದೊಂದು ಜಾಹೀರಾತು, ಅದರ ಕೆಳಗೆ ಓಟಿಟಿ ಆ್ಯಪ್‌ಗಳು, ಇನ್ನೂ ಕೆಳಗೆ 'ನಿಮಗಾಗಿ' ಅಂತ ಯಾರೋ ಆರಿಸಿಟ್ಟ ಸಿನಿಮಾಗಳು. ಚಾನೆಲ್ ಎಲ್ಲಿದೆ ಅಂತ ನಾವೇ ಹುಡುಕಿಕೊಂಡು ಹೋಗಬೇಕು.

ಈ ಬದಲಾವಣೆ ತಾನಾಗಿ ಆದದ್ದಲ್ಲ. ಆ ಮೊದಲ ಪರದೆಗಾಗಿ ಸುಮಾರು ಹದಿನೈದು ವರ್ಷಗಳಿಂದ ದೊಡ್ಡ ಪೈಪೋಟಿ ನಡೆಯುತ್ತಿದೆ. ಪೈಪೋಟಿ ನಡೆಯುವ ಜಾಗ ಟಿವಿ ಕೆಳಗೆ ಕೂತಿರುವ ಒಂದು ಸಣ್ಣ ಪೆಟ್ಟಿಗೆ, ಅಂದರೆ ಪ್ರಸಾರ ಮತ್ತು ಇಂಟರ್ನೆಟ್ ಎರಡನ್ನೂ ಒಟ್ಟಿಗೆ ತರುವ ಹೈಬ್ರಿಡ್ ಸೆಟ್‌ಟಾಪ್ ಬಾಕ್ಸ್. ಈ ಪೆಟ್ಟಿಗೆ ತಂತ್ರಜ್ಞಾನವಾಗಿ ತುಂಬಾ ಒಳ್ಳೆಯ ಯೋಚನೆ. ವ್ಯಾಪಾರವಾಗಿ ಮಾತ್ರ ಇದನ್ನು ಮಾಡಿದವರಲ್ಲಿ ಹೆಚ್ಚಿನವರು ಕೈ ಸುಟ್ಟುಕೊಂಡಿದ್ದಾರೆ. ಎರಡೂ ಹೇಗೆ ಒಟ್ಟಿಗೆ ನಿಜ ಅಂತ ಅರ್ಥವಾದರೆ ಈ ಮಾರುಕಟ್ಟೆಯೇ ಅರ್ಥವಾಗುತ್ತದೆ.

ಮೊದಲು ಪೆಟ್ಟಿಗೆಯ ಒಳಗೆ ನೋಡೋಣ. ಹಿಂಬದಿಯಲ್ಲಿ ಎರಡು ಬಾಗಿಲು. ಒಂದಕ್ಕೆ ಆಂಟೆನಾ, ಡಿಶ್ ಅಥವಾ ಕೇಬಲ್‌ನ ತಂತಿ ಬರುತ್ತದೆ, ಇನ್ನೊಂದರಿಂದ ವೈಫೈ ಅಥವಾ ನೆಟ್ ಕೇಬಲ್. ಮೊದಲನೆಯದಕ್ಕೆ ಟ್ಯೂನರ್ ಬೇಕು, ಬಂದ ಸಿಗ್ನಲ್‌ನಲ್ಲಿ ಬೇಕಾದ ಚಾನೆಲನ್ನು ಬಿಡಿಸಿಕೊಡಲು. ಎರಡನೆಯದಕ್ಕೆ ಒಂದು ಆಪರೇಟಿಂಗ್ ಸಿಸ್ಟಮ್, ಆ್ಯಪ್‌ಗಳು, ಕಾಪಿ ಮಾಡದಂತೆ ತಡೆಯುವ ಬೀಗ ಎಲ್ಲ ಬೇಕು. ಎರಡೂ ಕೊನೆಗೆ ಬಂದು ಸೇರುವುದು ಒಂದೇ ಚಿಪ್‌ಗೆ, ವಿಡಿಯೋ ಬಿಚ್ಚಿ ಪರದೆಗೆ ಕಳಿಸುವುದು ಅದೇ. ನೋಡುವವರಿಗೆ ಯಾವುದು ಎಲ್ಲಿಂದ ಬಂತು ಅಂತ ಗೊತ್ತೇ ಆಗಬಾರದು, ಒಂದೇ ರಿಮೋಟ್, ಒಂದೇ ಪಟ್ಟಿ. ಇದೇ ಹೈಬ್ರಿಡ್ ಪೆಟ್ಟಿಗೆಯ ಆಸೆ.

ಇಂಟರ್ನೆಟ್ಟಿನಲ್ಲೇ ಎಲ್ಲ ಬರುವಾಗ ಟ್ಯೂನರ್ ಯಾಕೆ ಅಂತ ಕೇಳುವವರು ಜಾಸ್ತಿ. ಪ್ರಸಾರಕ್ಕೆ ಒಂದು ಗುಣ ಇದೆ, ಅದನ್ನು ನಾವು ಮರೆತುಬಿಡುತ್ತೇವೆ. ನೋಡುವವರು ಹತ್ತು ಜನ ಆದರೂ ಅಷ್ಟೇ ಖರ್ಚು, ಒಂದು ಕೋಟಿ ಆದರೂ ಅಷ್ಟೇ ಖರ್ಚು. ಟವರ್ ಅಥವಾ ಉಪಗ್ರಹ ಒಂದೇ ಸಲ ಕಳಿಸುತ್ತದೆ, ಬೇಕಾದವರು ಹಿಡಿದುಕೊಳ್ಳುತ್ತಾರೆ. ಇಂಟರ್ನೆಟ್ ಹಾಗಲ್ಲ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪ್ರತಿ ಬೇರೆ ಬೇರೆಯಾಗಿ ಹೋಗಬೇಕು, ಹೊಸದಾಗಿ ಒಬ್ಬರು ಸೇರಿದರೆ ಇನ್ನಷ್ಟು ಸರ್ವರ್, ಇನ್ನಷ್ಟು ಬ್ಯಾಂಡ್‌ವಿಡ್ತ್, ಇನ್ನಷ್ಟು ದುಡ್ಡು.

2024ರ ನವೆಂಬರ್ 15ರಂದು ಮೈಕ್ ಟೈಸನ್ ಮತ್ತು ಜೇಕ್ ಪಾಲ್ ನಡುವಿನ ಬಾಕ್ಸಿಂಗ್ ಪಂದ್ಯವನ್ನು ನೆಟ್‌ಫ್ಲಿಕ್ಸ್ ಲೈವ್ ಕೊಟ್ಟಿತು. ಒಂದೇ ಹೊತ್ತಿನಲ್ಲಿ ಗರಿಷ್ಠ 6.5 ಕೋಟಿ ಸ್ಟ್ರೀಮ್‌ಗಳು ಓಡಿದವು ಅಂತ ಕಂಪನಿಯೇ ಹೇಳಿತು. ಜಗತ್ತಿನ ಅತ್ಯಂತ ಬಲಿಷ್ಠ ವಿಡಿಯೋ ಜಾಲಗಳಲ್ಲಿ ಒಂದನ್ನು ಕಟ್ಟಿಕೊಂಡ ಕಂಪನಿ ಅದು, ಆದರೂ ಅವತ್ತು ಸಾವಿರಾರು ಮನೆಗಳಲ್ಲಿ ಚಿತ್ರ ಮಸುಕಾಯಿತು, ಚಕ್ರ ಸುತ್ತುತ್ತಾ ನಿಂತಿತು. ಅದಕ್ಕೆ ಒಂದು ವರ್ಷ ಮೊದಲು, 2023ರ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಹಾಟ್‌ಸ್ಟಾರ್ ಒಂದೇ ಸಮಯಕ್ಕೆ 5.9 ಕೋಟಿ ನೋಡುಗರನ್ನು ಮುಟ್ಟಿತ್ತು. ಅಂದರೆ ಇದು ಆಗದ ಕೆಲಸ ಅಲ್ಲ. ಆದರೆ ವರ್ಷಗಟ್ಟಲೆ ತಯಾರಿ ಬೇಕು, ಪ್ರತಿ ಪಂದ್ಯಕ್ಕೂ ಖರ್ಚು ಹೊಸದಾಗಿ ಬೀಳುತ್ತದೆ. ಅದೇ ಕೆಲಸವನ್ನು ಪ್ರಸಾರ ಹಲವು ದಶಕಗಳಿಂದ ಸುಮ್ನೆ ಮಾಡಿಕೊಂಡು ಬಂದಿದೆ.

ಇನ್ನೊಂದು ವಿಷಯ ತಡ. ಇಂಟರ್ನೆಟ್ ವಿಡಿಯೋವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ, ನಿಮ್ಮ ಸಾಧನ ಒಂದಷ್ಟು ತುಂಡುಗಳನ್ನು ಕೂಡಿಟ್ಟುಕೊಂಡ ಮೇಲೇ ತೋರಿಸಲು ಶುರು ಮಾಡುತ್ತದೆ. ಹೀಗಾಗಿ ಲೈವ್ ಅನ್ನುವುದು ಪ್ರಸಾರಕ್ಕಿಂತ ಎಷ್ಟೋ ಸಲ 20–30 ಸೆಕೆಂಡು ಹಿಂದೆ ಇರುತ್ತದೆ. ಪಕ್ಕದ ಮನೆಯವರು ಕಿರುಚಿದ ಮೇಲೆ ನಿಮ್ಮ ಪರದೆಯಲ್ಲಿ ಗೋಲ್ ಆಗುತ್ತದಲ್ಲ, ಅದು ಇದೇ ಕಾರಣಕ್ಕೆ. ಈ ತಡವನ್ನು ಕಡಿಮೆ ಮಾಡುವ ವಿಧಾನಗಳು ಈಗ ಇವೆ, ಎಲ್ಲ ಕಡೆ ಬಳಕೆಗೆ ಬಂದಿಲ್ಲ.

ಇಂಟರ್ನೆಟ್ಟಿಗೂ ಅದರದ್ದೇ ಶಕ್ತಿ ಇದೆ, ಅದನ್ನು ಪ್ರಸಾರ ಎಂದೂ ಮಾಡಲಾರದು. ನಿನ್ನೆಯ ಸಂಚಿಕೆ ಇವತ್ತು ನೋಡುವುದು, ಶುರುವಾಗಿ ಹೋದ ಕಾರ್ಯಕ್ರಮವನ್ನು ಮೊದಲಿಂದ ಹಾಕುವುದು, ಹತ್ತೇ ಜನ ನೋಡುವ ಹಳೆಯ ಸಾಕ್ಷ್ಯಚಿತ್ರವನ್ನೂ ಇಟ್ಟುಕೊಂಡಿರುವುದು, ಕಿವಿ ಕೇಳದವರಿಗೆ ಸನ್ನೆ ಭಾಷೆಯ ಪ್ರತ್ಯೇಕ ಕಿಟಕಿ ತೆರೆದುಕೊಡುವುದು. ಗುಂಪಿಗೆ ಪ್ರಸಾರ, ಒಬ್ಬೊಬ್ಬರಿಗೆ ಇಂಟರ್ನೆಟ್. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನನಗಂತೂ ಇದಕ್ಕಿಂತ ಜಾಣತನದ ಜೋಡಣೆ ಟಿವಿ ಲೋಕದಲ್ಲಿ ಕಾಣುವುದಿಲ್ಲ.

ಈ ಆಸೆ ಹೊಸದಲ್ಲ. ಬಿಬಿಸಿಯ ಸೀಫ್ಯಾಕ್ಸ್ 1974ರಲ್ಲೇ ಟಿವಿ ಸಿಗ್ನಲ್‌ನ ಸಂದಿಯಲ್ಲಿ ಸುದ್ದಿ, ಹವಾಮಾನ, ಕ್ರೀಡೆಯ ಪುಟಗಳನ್ನು ತುರುಕಿ ಕಳಿಸುತ್ತಿತ್ತು, 2012ರವರೆಗೂ ಅದು ಬದುಕಿತ್ತು. ಜರ್ಮನಿ ಮತ್ತು ಫ್ರಾನ್ಸಿನಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಪ್ರಯತ್ನಗಳು 2009ರಲ್ಲಿ ಸೇರಿ ಎಚ್‌ಬಿಬಿಟಿವಿ ಆಯಿತು, 2010ರಲ್ಲಿ ಅದು ಯುರೋಪಿನ ಅಧಿಕೃತ ಮಾನದಂಡವಾಯಿತು. ಅದರ ಕೆಲಸ ಸರಳ. ಪ್ರಸಾರದ ಸಿಗ್ನಲ್ ಜೊತೆಗೆ ಒಂದು ವೆಬ್ ವಿಳಾಸವೂ ಬರುತ್ತದೆ. ನೀವು ರಿಮೋಟ್‌ನ ಕೆಂಪು ಗುಂಡಿ ಒತ್ತಿದರೆ ಪೆಟ್ಟಿಗೆ ಆ ವಿಳಾಸಕ್ಕೆ ಹೋಗಿ ಪುಟವನ್ನು ತಂದು ಚಾನೆಲ್ ಮೇಲೆಯೇ ತೋರಿಸುತ್ತದೆ. ಜಪಾನಿನಲ್ಲಿ ಇದೇ ಕೆಲಸಕ್ಕೆ 2013ರಲ್ಲಿ ಹೈಬ್ರಿಡ್‌ಕಾಸ್ಟ್ ಬಂತು, ಬ್ರೆಜಿಲ್‌ನಲ್ಲಿ ಗಿಂಗಾ. ಒಂದೊಂದು ದೇಶಕ್ಕೆ ಒಂದೊಂದು ಬಗೆ ಆದದ್ದೇ ಪೆಟ್ಟಿಗೆ ಮಾಡುವವರಿಗೆ ಮೊದಲ ಹೊಡೆತ. ಮೊಬೈಲ್ ಫೋನನ್ನು ಒಂದು ಮಾದರಿ ಮಾಡಿ ಜಗತ್ತಿಗೆಲ್ಲ ಮಾರಬಹುದು, ಟ್ಯೂನರ್ ಇರುವ ಪೆಟ್ಟಿಗೆಯನ್ನು ಹಾಗೆ ಮಾರಲು ಆಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸೆಟ್‌ಟಾಪ್ ಬಾಕ್ಸ್ ಮಾರುಕಟ್ಟೆಯಲ್ಲಿ ಕೊಳ್ಳುವವರು ನೋಡುವವರಲ್ಲ. ಪೆಟ್ಟಿಗೆಗಳಲ್ಲಿ ಬಹುಪಾಲನ್ನು ಕೊಳ್ಳುವುದು ಕೇಬಲ್, ಡಿಟಿಎಚ್, ಬ್ರಾಡ್‌ಬ್ಯಾಂಡ್ ಆಪರೇಟರ್‌ಗಳು. ಅವರು ಲಕ್ಷಗಟ್ಟಲೆ ಒಟ್ಟಿಗೆ ಕೊಳ್ಳುತ್ತಾರೆ, ಟೆಂಡರ್ ಕರೆಯುತ್ತಾರೆ, ಒಂದೊಂದು ಪೈಸೆಗೂ ಚೌಕಾಸಿ ಮಾಡುತ್ತಾರೆ. ತಯಾರಕರ ಕೈಯಲ್ಲಿ ಉಳಿಯುವ ಲಾಭ ಅಷ್ಟಕ್ಕಷ್ಟೇ. ಮೆಮೊರಿ ಚಿಪ್‌ನ ಬೆಲೆ ಸ್ವಲ್ಪ ಏರಿದರೂ ಆ ಲಾಭ ಹೋಯಿತು. ನಿಮ್ಮ ರಿಮೋಟ್ ನಿಧಾನ ಅಂತ ನೀವು ಬೈಯುವುದು ಪೆಟ್ಟಿಗೆ ಮಾಡಿದವರ ಕಿವಿಗೆ ಬೀಳುವುದೇ ಇಲ್ಲ, ಯಾಕೆಂದರೆ ಅವರಿಗೆ ದುಡ್ಡು ಕೊಟ್ಟವರು ನೀವಲ್ಲ.

ಈ ಉದ್ಯಮದ ಹೆಸರುಗಳು ಎಲ್ಲಿಗೆ ಹೋದವು ನೋಡಿ. ಅಮೆರಿಕದ ಕೇಬಲ್ ಪೆಟ್ಟಿಗೆಗಳಲ್ಲಿ ಒಂದು ಕಾಲಕ್ಕೆ ಎರಡೇ ದೊಡ್ಡ ಮನೆಗಳು, ಸೈಂಟಿಫಿಕ್ ಅಟ್ಲಾಂಟಾ ಮತ್ತು ಜನರಲ್ ಇನ್‌ಸ್ಟ್ರುಮೆಂಟ್. ಮೊದಲನೆಯದನ್ನು ಕೊಳ್ಳಲು ಸಿಸ್ಕೊ 2005ರಲ್ಲಿ 690 ಕೋಟಿ ಡಾಲರ್‌ಗೆ ಒಪ್ಪಂದ ಮಾಡಿಕೊಂಡಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, 2015ರಲ್ಲಿ, ಅದರಿಂದ ಬೆಳೆದ ಪೆಟ್ಟಿಗೆ ವಿಭಾಗವನ್ನು ಸುಮಾರು 60 ಕೋಟಿ ಡಾಲರ್‌ಗೆ ಫ್ರಾನ್ಸಿನ ಟೆಕ್ನಿಕಲರ್‌ಗೆ ಬಿಟ್ಟುಕೊಟ್ಟಿತು. ಎರಡನೆಯದು ಮೋಟೊರೊಲಾ ಕೈಗೆ ಹೋಯಿತು, ಮೋಟೊರೊಲಾ ಜೊತೆಗೆ ಗೂಗಲ್ ಕೈಗೆ ಬಂತು, ಗೂಗಲ್ ಅದನ್ನು ಇಟ್ಟುಕೊಳ್ಳದೆ 2013ರಲ್ಲಿ ಆ್ಯರಿಸ್‌ಗೆ ಮಾರಿತು. ಆ್ಯರಿಸ್ 2016ರಲ್ಲಿ ಬ್ರಿಟನ್ನಿನ ದೊಡ್ಡ ತಯಾರಕ ಪೇಸ್ ಅನ್ನೂ ಕೊಂಡಿತು. 2019ರಲ್ಲಿ ಆ್ಯರಿಸ್ ಅನ್ನೇ ಕಾಮ್‌ಸ್ಕೋಪ್ ಕೊಂಡಿತು, ಸಾಲವೂ ಸೇರಿ 740 ಕೋಟಿ ಡಾಲರ್. ಇಷ್ಟಾದ ಮೇಲೆ 2024ರ ಜನವರಿಯಲ್ಲಿ ಕಾಮ್‌ಸ್ಕೋಪ್‌ನ ಮನೆ ಉಪಕರಣಗಳ ವಿಭಾಗ ವಾಂಟಿವಾ ಅನ್ನುವ ಕಂಪನಿಗೆ ಸೇರಿತು. ಬದಲಿಗೆ ಸಿಕ್ಕಿದ್ದು ಮುಖ್ಯವಾಗಿ ವಾಂಟಿವಾದ ಸುಮಾರು ಕಾಲು ಭಾಗ ಷೇರು. ವಾಂಟಿವಾ ಅಂದರೆ ಯಾರು? ಹೆಸರು ಬದಲಿಸಿಕೊಂಡ ಅದೇ ಟೆಕ್ನಿಕಲರ್.

ಸೈಂಟಿಫಿಕ್ ಅಟ್ಲಾಂಟಾ, ಜನರಲ್ ಇನ್‌ಸ್ಟ್ರುಮೆಂಟ್, ಪೇಸ್. ಮೂರು ದೊಡ್ಡ ಹೊಳೆಗಳು ಬಂದು ಒಂದೇ ಕೆರೆಗೆ ಸೇರಿದ ಹಾಗೆ ಆಯಿತು, ಬರುವ ಹೊತ್ತಿಗೆ ನೀರೂ ಇಳಿದಿತ್ತು. ಚಿಪ್ ಮಾಡುವವರ ಕಥೆಯೂ ಇದೇ. ಯುರೋಪಿನ ಎಸ್‌ಟಿಮೈಕ್ರೊ ವರ್ಷಗಟ್ಟಲೆ ಸೆಟ್‌ಟಾಪ್ ಚಿಪ್ ಮಾಡಿ 2016ರ ಜನವರಿಯಲ್ಲಿ ಆ ವ್ಯಾಪಾರ ಬಿಡುತ್ತೇವೆ ಅಂತ ಹೇಳಿತು.

ಹಾಗಾದರೆ ಆಪರೇಟರ್‌ಗಳ ಹಂಗಿಲ್ಲದೆ ನೇರ ಜನರಿಗೇ ಮಾರಿದರೆ? ಅದನ್ನೂ ಮಾಡಿ ನೋಡಿದ್ದಾರೆ. 2010ರಲ್ಲಿ ಗೂಗಲ್ ತನ್ನ ಮೊದಲ ಗೂಗಲ್ ಟಿವಿ ತಂದಿತು, ಅದಕ್ಕೆ ಲಾಜಿಟೆಕ್ ಕಂಪನಿ ರೆವ್ಯೂ ಅನ್ನುವ ಪೆಟ್ಟಿಗೆ ಮಾಡಿತು, ಬೆಲೆ 299 ಡಾಲರ್. ಯೋಚನೆ ಚೆನ್ನಾಗಿತ್ತು. ನಿಮ್ಮ ಕೇಬಲ್ ಪೆಟ್ಟಿಗೆಯ ತಂತಿಯನ್ನು ಇದಕ್ಕೆ ಕೊಡಿ, ಚಾನೆಲ್ಲೂ ವೆಬ್ಬೂ ಒಂದೇ ಕಡೆ ಹುಡುಕಿ ಅಂತ. ಕೆಲವೇ ವಾರಗಳಲ್ಲಿ ಅಮೆರಿಕದ ದೊಡ್ಡ ವಾಹಿನಿಗಳಾದ ಎಬಿಸಿ, ಎನ್‌ಬಿಸಿ, ಸಿಬಿಎಸ್ ತಮ್ಮ ಜಾಲತಾಣದ ವಿಡಿಯೋಗಳು ಆ ಪೆಟ್ಟಿಗೆಯಲ್ಲಿ ಓಡದಂತೆ ತಡೆದವು. ಅದೇ ವಿಡಿಯೋ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿತ್ತು! ಲ್ಯಾಪ್‌ಟಾಪ್ ಪರದೆಯಲ್ಲಿ ನೋಡಿದರೆ ಪರವಾಗಿಲ್ಲ, ಟಿವಿ ಪರದೆಯ ಮೇಲೆ ಮಾತ್ರ ಇನ್ನೊಬ್ಬರು ಯಜಮಾನರಾಗಿ ಕೂರುವುದು ಅವರಿಗೆ ಬೇಡವಾಗಿತ್ತು. ಬೆಲೆ ಇಳಿಯುತ್ತಾ 99 ಡಾಲರ್‌ಗೆ ಬಂತು. 2011ರ ನವೆಂಬರ್‌ನಲ್ಲಿ ಲಾಜಿಟೆಕ್ ಕೈ ಎತ್ತಿತು, ಈ ಪೆಟ್ಟಿಗೆಯಿಂದ 10 ಕೋಟಿ ಡಾಲರ್‌ಗೂ ಜಾಸ್ತಿ ಲಾಭ ಕಳೆದುಕೊಂಡೆವು ಅಂತ ಅದರ ಮುಖ್ಯಸ್ಥರೇ ಹೇಳಿದರು.

ಪ್ರಸಾರ ಸಂಸ್ಥೆಗಳೇ ಮುಂದೆ ನಿಂತು ಮಾಡಿದ್ದೂ ಇದೆ. ಬ್ರಿಟನ್ನಿನಲ್ಲಿ ಬಿಬಿಸಿ, ಐಟಿವಿ, ಚಾನೆಲ್ 4, ಚಾನೆಲ್ 5 ವಾಹಿನಿಗಳು, ಬ್ರಾಡ್‌ಬ್ಯಾಂಡ್ ಕೊಡುವ ಬಿಟಿ, ಟಾಕ್‌ಟಾಕ್ ಮತ್ತು ಪ್ರಸಾರ ಟವರ್‌ಗಳ ಕಂಪನಿ ಆರ್ಕಿವಾ ಒಟ್ಟಿಗೆ ಸೇರಿ ಯುವ್ಯೂ ಅನ್ನುವ ಹೈಬ್ರಿಡ್ ಪೆಟ್ಟಿಗೆ ಮಾಡಿದರು. ಒಪ್ಪಿಗೆ, ತಕರಾರು, ವಿನ್ಯಾಸ ಅಂತ ತಡವಾಗಿ ಕೊನೆಗೆ 2012ರ ಜುಲೈನಲ್ಲಿ ಬಂತು, ಅಂಗಡಿ ಬೆಲೆ 299 ಪೌಂಡ್. ಅದರ ಚಾನೆಲ್ ಪಟ್ಟಿ ಮಾತ್ರ ನನಗೆ ಇವತ್ತಿಗೂ ಇಷ್ಟ. ಪಟ್ಟಿಯಲ್ಲಿ ಹಿಂದಕ್ಕೆ ಸರಿದರೆ ಸಾಕು, ಕಳೆದ 7 ದಿನದ ಕಾರ್ಯಕ್ರಮ ಅಲ್ಲೇ ಸಿಗುತ್ತಿತ್ತು. ಯಾವ ಆ್ಯಪ್‌ನಲ್ಲಿದೆ ಅಂತ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಮುಂದೆ ಅದು ಮನೆಗಳಿಗೆ ಹೋದದ್ದು ಹೆಚ್ಚಾಗಿ ಬಿಟಿ, ಟಾಕ್‌ಟಾಕ್‌ಗಳು ತಮ್ಮ ಬ್ರಾಡ್‌ಬ್ಯಾಂಡ್ ಜೊತೆ ಕೊಟ್ಟ ಮೇಲೆ. ಒಳ್ಳೆಯ ಹೈಬ್ರಿಡ್ ಪೆಟ್ಟಿಗೆ ಕೂಡ ಯಾರಾದರೂ ಅದರ ಖರ್ಚು ಹೊತ್ತುಕೊಂಡರೆ ಮಾತ್ರ ಓಡುತ್ತದೆ. ಹಾಗೆ ಹೊತ್ತುಕೊಂಡವರು ಬದಲಿಗೆ ಏನನ್ನೋ ಕೇಳುತ್ತಾರೆ ಅಲ್ವಾ?

ಅವರು ಕೇಳುವುದು ಮೊದಲ ಪರದೆಯನ್ನು.

ಆಪರೇಟರ್‌ಗಳಿಗೆ ಮೊದಮೊದಲು ನೆಟ್‌ಫ್ಲಿಕ್ಸ್ ಅಂದರೆ ಶತ್ರು. 2013ರಲ್ಲಿ ಬ್ರಿಟನ್ನಿನ ವರ್ಜಿನ್ ಮೀಡಿಯಾ ತನ್ನ ಕೇಬಲ್ ಪೆಟ್ಟಿಗೆಯೊಳಗೇ ನೆಟ್‌ಫ್ಲಿಕ್ಸ್ ಇಟ್ಟಿತು. 2016ರಲ್ಲಿ ಅಮೆರಿಕದ ಕಾಮ್‌ಕಾಸ್ಟ್, 2018ರಲ್ಲಿ ಬ್ರಿಟನ್ನಿನ ಉಪಗ್ರಹ ಟಿವಿ ಕಂಪನಿ ಸ್ಕೈ ಅದೇ ದಾರಿ ಹಿಡಿದವು. ಗ್ರಾಹಕ ಟಿವಿಯ ಎಚ್‌ಡಿಎಂಐ ತಂತಿ ಬದಲಿಸಿ ಬೇರೆ ಸಾಧನಕ್ಕೆ ಹೋದರೆ ವಾಪಸ್ ಬರುವುದಿಲ್ಲ, ಅದಕ್ಕಿಂತ ಶತ್ರುವನ್ನು ಮನೆಯೊಳಗೇ ಕೂರಿಸಿಕೊಂಡರೆ ಬಾಗಿಲಾದರೂ ನಮ್ಮದಾಗಿರುತ್ತದೆ ಅನ್ನುವ ಲೆಕ್ಕ. ಹೈಬ್ರಿಡ್ ಪೆಟ್ಟಿಗೆಗೆ ನಿಜವಾದ ಬೇಡಿಕೆ ಹುಟ್ಟಿದ್ದೇ ಈ ಭಯದಿಂದ.

ಆ ಬಾಗಿಲು ಎಷ್ಟು ಬೆಲೆ ಬಾಳುತ್ತದೆ ಅಂತ ತಿಳಿಯಲು ಆಪರೇಟರ್ ಅಲ್ಲದವರನ್ನು ನೋಡಬೇಕು. ಟಿವಿಗೆ ಸ್ಟ್ರೀಮಿಂಗ್ ಸಾಧನ ಮಾಡುವ ಅಮೆರಿಕದ ರೋಕು ಇತ್ತೀಚಿನ ವರ್ಷಗಳಲ್ಲಿ ಅವನ್ನು ನಷ್ಟಕ್ಕೆ ಮಾರುತ್ತಿದೆ, ಅದರ ದುಡ್ಡೆಲ್ಲ ಬರುವುದು ಜಾಹೀರಾತು ಮತ್ತು ಚಂದಾದ ಪಾಲಿನಿಂದ. ಟಿವಿ ಮಾಡುವ ವಿಜಿಯೊಗೆ 2021ರಲ್ಲೇ ಟಿವಿ ಮಾರಾಟಕ್ಕಿಂತ ಪರದೆಯ ಮೇಲಿನ ವ್ಯಾಪಾರದಿಂದ ಲಾಭ ಜಾಸ್ತಿ ಬರತೊಡಗಿತು. 2024ರ ಡಿಸೆಂಬರ್‌ನಲ್ಲಿ ವಾಲ್‌ಮಾರ್ಟ್ ಆ ಕಂಪನಿಯನ್ನು 230 ಕೋಟಿ ಡಾಲರ್ ಕೊಟ್ಟು ಕೊಂಡಿದ್ದು ಟಿವಿ ಕಾರ್ಖಾನೆಯ ಆಸೆಗಲ್ಲ. ಇದೇ ವಿಜಿಯೊ 1.1 ಕೋಟಿ ಟಿವಿಗಳಲ್ಲಿ ಜನ ಏನು ನೋಡುತ್ತಾರೆ ಅನ್ನುವುದನ್ನು ಅವರ ಒಪ್ಪಿಗೆ ಇಲ್ಲದೆ ದಾಖಲಿಸಿತ್ತು ಅನ್ನುವ ದೂರಿನಲ್ಲಿ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತ್ತು. ಆಂಟೆನಾದಿಂದ ಬಂದ ಚಾನೆಲ್ ನೋಡುತ್ತಿದ್ದರೂ ಲೆಕ್ಕ ಹೋಗುತ್ತಿತ್ತು. ಬರೀ ಪ್ರಸಾರದ ಕಾಲದಲ್ಲಿ ಟಿವಿ ನಮ್ಮ ಕಡೆ ತಿರುಗಿ ನೋಡುತ್ತಿರಲಿಲ್ಲ. ನೆಟ್ ತಂತಿ ಸೇರಿದ ಮೇಲೆ ನೋಡಲು ಶುರು ಮಾಡಿತು. ಹೈಬ್ರಿಡ್ ಸಾಧನಗಳ ಬಗ್ಗೆ ನನಗಿರುವ ದೊಡ್ಡ ಆತಂಕ ಇದೇ.

ಆಪರೇಟರ್‌ಗಳ ಮುಂದೆ ಈಗ ಎರಡು ದಾರಿ. ಕಾಮ್‌ಕಾಸ್ಟ್ ಶುರು ಮಾಡಿದ ಆರ್‌ಡಿಕೆಯಂಥ ತಂತ್ರಾಂಶ ತೆಗೆದುಕೊಂಡು ತಮ್ಮದೇ ಪರದೆ ಕಟ್ಟುವುದು ಒಂದು. ಇದಕ್ಕೆ ಎಂಜಿನಿಯರ್‌ಗಳ ದೊಡ್ಡ ಪಡೆ ಬೇಕು, ಒಂದೊಂದು ಓಟಿಟಿಯ ಹತ್ತಿರವೂ ಹೋಗಿ ಅವರ ಪರೀಕ್ಷೆ ಪಾಸಾಗಬೇಕು. ಇನ್ನೊಂದು, ಗೂಗಲ್‌ನ ಆಂಡ್ರಾಯ್ಡ್ ಟಿವಿ. ಅದರಲ್ಲಿ ಆಪರೇಟರ್‌ಗೆ ತನ್ನದೇ ಹೋಮ್ ಸ್ಕ್ರೀನ್ ಹಾಕಿಕೊಳ್ಳಲು ಅವಕಾಶ ಇದೆ, ಸಾವಿರಾರು ಆ್ಯಪ್ ತಯಾರಾಗಿ ಸಿಗುತ್ತವೆ, ಕೆಲಸ ಬೇಗ ಮುಗಿಯುತ್ತದೆ. ಸಣ್ಣ ಆಪರೇಟರ್‌ಗಳು ಇದನ್ನೇ ಆರಿಸಿಕೊಳ್ಳುತ್ತಾರೆ, ಅವರನ್ನು ತಪ್ಪು ಅನ್ನಲಾರೆ. ಆದರೆ ಅಡಿಪಾಯ ಬೇರೆಯವರದ್ದು, ಹುಡುಕಾಟದ ಲೆಕ್ಕ ಬೇರೆಯವರ ಕೈಯಲ್ಲಿ.

ಇದರಲ್ಲಿ ಪೂರ್ತಿ ಹಿಂದೆ ಬಿದ್ದದ್ದು ಎಲ್ಲರಿಗೂ ಉಚಿತವಾಗಿ ಸಿಗುವ ಚಾನೆಲ್‌ಗಳು. ರಿಮೋಟ್‌ನಲ್ಲಿ ಓಟಿಟಿಗಳಿಗೆ ಬಣ್ಣದ ಗುಂಡಿ ಇದೆ, ಟಿವಿ ಚಾನೆಲ್‌ಗೆ ಎಷ್ಟೋ ರಿಮೋಟ್‌ಗಳಲ್ಲಿ ಅಂಕಿ ಗುಂಡಿಗಳೇ ಇಲ್ಲ. ಹಾಗಾಗಿ ಸರಕಾರಗಳು ಮಧ್ಯ ಬಂದಿವೆ. ಬ್ರಿಟನ್ 2024ರಲ್ಲಿ ಮಾಧ್ಯಮ ಕಾಯ್ದೆ ಮಾಡಿ ಸಾರ್ವಜನಿಕ ಸೇವೆಯ ವಾಹಿನಿಗಳ ಆ್ಯಪ್‌ಗಳು ಇಂಟರ್ನೆಟ್ ಟಿವಿಗಳಲ್ಲಿ ಸುಲಭವಾಗಿ ಕಾಣಬೇಕು ಅಂದಿತು. ಆಸ್ಟ್ರೇಲಿಯಾ ಕೂಡ ಅದೇ ವರ್ಷ ಅಂಥದ್ದೇ ಕಾಯ್ದೆ ತಂದಿತು. ಕಾಯ್ದೆ ಬರುವುದು ಸ್ವಲ್ಪ ತಡವಾಯಿತು ಅನ್ನಿಸುತ್ತದೆ, ಆದರೂ ಬಂದದ್ದು ಒಳ್ಳೆಯದೇ. ಯಾವ ಕಂಪನಿ ಹೆಚ್ಚು ದುಡ್ಡು ಕೊಟ್ಟಿತು ಅನ್ನುವುದರ ಮೇಲೆ ಸುದ್ದಿ ವಾಹಿನಿಯ ಜಾಗ ನಿರ್ಧಾರ ಆಗಬಾರದು.

ಈಗ ಕೊಳ್ಳುವವರ ಕಡೆಗೆ ಬರೋಣ. ಹೈಬ್ರಿಡ್ ಪೆಟ್ಟಿಗೆಯ ಎರಡು ಅರ್ಧಗಳಿಗೆ ಒಂದೇ ವಯಸ್ಸಲ್ಲ, ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಪ್ರಸಾರದ ಮಾನದಂಡ ಒಂದು ಸಲ ಬಂದರೆ ಹದಿನೈದು–ಇಪ್ಪತ್ತು ವರ್ಷ ಇರುತ್ತದೆ. ಇಂಟರ್ನೆಟ್ ಅರ್ಧ ನಾಲ್ಕೈದು ವರ್ಷಕ್ಕೇ ಮುದಿಯಾಗುತ್ತದೆ. ನನ್ನ ಹತ್ತಿರ ಇದ್ದ ಒಂದು ಪೆಟ್ಟಿಗೆಯಲ್ಲಿ ಹೀಗೇ ಆಯಿತು. ಮೊದಲು ಒಂದು ಆ್ಯಪ್ ತೆರೆಯಲು ಅರ್ಧ ನಿಮಿಷ ಹಿಡಿಯಿತು, ಆಮೇಲೆ 'ಈ ಸಾಧನಕ್ಕೆ ಇನ್ನು ಬೆಂಬಲ ಇಲ್ಲ' ಅಂತ ಬಂತು, ಆಮೇಲೆ ಉಳಿದವೂ ಒಂದೊಂದಾಗಿ ಹೋದವು. ಟ್ಯೂನರ್ ಮಾತ್ರ ಮೊದಲ ದಿನದ ಹಾಗೇ ಚಾನೆಲ್ ಹಿಡಿಯುತ್ತಿತ್ತು. ಇದು ನನ್ನೊಬ್ಬನ ಕಥೆಯಲ್ಲ. 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಕೆಲವು ಹಳೆಯ ರೋಕು ಸಾಧನಗಳಲ್ಲಿ, 2010–11ರ ಕೆಲವು ಸ್ಯಾಮ್‌ಸಂಗ್ ಟಿವಿಗಳಲ್ಲಿ ಕೆಲಸ ನಿಲ್ಲಿಸಿತು.

ಕಾರಣ ಚಿಪ್‌ನಲ್ಲೂ ಇದೆ. ವಿಡಿಯೋವನ್ನು ಬಿಚ್ಚುವ ವಿಧಾನ ಚಿಪ್‌ನೊಳಗೆ ಅಚ್ಚು ಹಾಕಿದ ಹಾಗೆ ಇರುತ್ತದೆ. 2003ರ ಎಚ್.264 ಬಂತು, 2013ರ ಎಚ್‌ಇವಿಸಿ ಬಂತು, 2018ರ ಎವಿ1 ಬಂತು. ಹೊಸ ವಿಧಾನದಲ್ಲಿ ಅದೇ ಗುಣಮಟ್ಟದ ಚಿತ್ರ ಕಡಿಮೆ ಡೇಟಾದಲ್ಲಿ ಬರುತ್ತದೆ, ಕಳಿಸುವವರಿಗೆ ಖರ್ಚು ಉಳಿಯುತ್ತದೆ. ಆದರೆ ನಿಮ್ಮ ಚಿಪ್‌ಗೆ ಅದು ಬರದಿದ್ದರೆ ಯಾವ ಅಪ್‌ಡೇಟ್ ಹಾಕಿದರೂ ಸರಿಯಾಗಿ ಓಡುವುದಿಲ್ಲ.

ಕರೆಂಟ್ ವಿಷಯ ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಪರಿಸರ ಸಂಘಟನೆ ಎನ್‌ಆರ್‌ಡಿಸಿ 2011ರಲ್ಲಿ ಲೆಕ್ಕ ಹಾಕಿದಾಗ ಆ ದೇಶದ ಪೇ ಟಿವಿ ಪೆಟ್ಟಿಗೆಗಳು ವರ್ಷಕ್ಕೆ 2,700 ಕೋಟಿ ಯೂನಿಟ್ ನುಂಗುತ್ತಿದ್ದವು, ಅದರಲ್ಲಿ ಮೂರನೇ ಎರಡು ಭಾಗ ಯಾರೂ ಟಿವಿ ನೋಡದೇ ಇದ್ದ ಹೊತ್ತಿನಲ್ಲಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಬರೀ ದೀಪ ಆರುತ್ತಿತ್ತು, ಪೆಟ್ಟಿಗೆ ಎಚ್ಚರವಾಗೇ ಇರುತ್ತಿತ್ತು. ಆ ವರದಿಯ ನಂತರ ತಯಾರಕರೂ ಆಪರೇಟರ್‌ಗಳೂ ಒಪ್ಪಂದ ಮಾಡಿಕೊಂಡು ಬಳಕೆ ಇಳಿಸಿದರು.

ಸುರಕ್ಷತೆಯ ವಿಷಯ ಅಷ್ಟು ಬೇಗ ಮುಗಿಯುವಂಥದ್ದಲ್ಲ. ಹೆಸರು ಕೇಳದ ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳಲ್ಲಿ ಕಾರ್ಖಾನೆಯಿಂದ ಬರುವಾಗಲೇ ಕೆಟ್ಟ ತಂತ್ರಾಂಶ ಇರುವುದು 2023ರಿಂದ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಬ್ಯಾಡ್‌ಬಾಕ್ಸ್ ಅಂತ ಅದರ ಹೆಸರು. 2024ರ ಡಿಸೆಂಬರ್‌ನಲ್ಲಿ ಜರ್ಮನಿಯ ಸೈಬರ್ ಸುರಕ್ಷತಾ ಸಂಸ್ಥೆ ಸುಮಾರು 30,000 ಸಾಧನಗಳ ಸಂಪರ್ಕವನ್ನು ಕಳ್ಳರ ಸರ್ವರ್‌ಗೆ ಹೋಗದಂತೆ ತಿರುಗಿಸಿತು. 2025ರಲ್ಲಿ ಎಫ್‌ಬಿಐ ಜನರಿಗೆ ಎಚ್ಚರಿಕೆ ಕೊಟ್ಟಿತು, ಗೂಗಲ್ ಮೊಕದ್ದಮೆ ಹೂಡಿತು, ಸೋಂಕು ತಗುಲಿದ ಸಾಧನಗಳು 1 ಕೋಟಿಗೂ ಜಾಸ್ತಿ ಅಂತ ಹೇಳಿತು. ಇಂಥ ಪೆಟ್ಟಿಗೆಯಲ್ಲಿ ಸಿನಿಮಾ ಚೆನ್ನಾಗೇ ಓಡುತ್ತದೆ. ಹಿಂದಿನಿಂದ ನಿಮ್ಮ ಮನೆಯ ನೆಟ್ ಸಂಪರ್ಕವನ್ನು ಯಾರೋ ಬಾಡಿಗೆಗೆ ಕೊಟ್ಟು ಕಳ್ಳ ಜಾಹೀರಾತು ಕ್ಲಿಕ್‌ಗೆ, ಬೇರೆಯವರ ಖಾತೆ ಒಡೆಯಲು ಬಳಸುತ್ತಿರುತ್ತಾರೆ. 'ಎಲ್ಲ ಚಾನೆಲ್, ಎಲ್ಲ ಓಟಿಟಿ, ಒಂದು ಸಲ ದುಡ್ಡು ಕೊಟ್ಟರೆ ಸಾಕು' ಅಂತ ಯಾರಾದರೂ ಪೆಟ್ಟಿಗೆ ಮಾರಿದರೆ ದಯವಿಟ್ಟು ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ ನೆಟ್‌ನಿಂದ ತೆಗೆದಿಡಿ.

ಇನ್ನು ಬೀಗದ ಮಾತು. ಒಬ್ಬ ಆಪರೇಟರ್‌ನ ಪೆಟ್ಟಿಗೆ ಇನ್ನೊಬ್ಬರ ಹತ್ತಿರ ಕೆಲಸ ಮಾಡುವುದಿಲ್ಲ ಅನ್ನುವುದು ಹಳೆಯ ನೋವು. ಅಮೆರಿಕ 1996ರ ಕಾನೂನಿನಲ್ಲೇ ಜನ ತಮಗೆ ಬೇಕಾದ ಪೆಟ್ಟಿಗೆ ಕೊಂಡುಕೊಳ್ಳುವಂತಾಗಬೇಕು ಅಂತ ಬರೆದುಕೊಂಡಿತ್ತು. ಇಪ್ಪತ್ತು ವರ್ಷ ಆದ ಮೇಲೂ ಚಂದಾದಾರರಲ್ಲಿ 99% ಜನ ಬಾಡಿಗೆ ಪೆಟ್ಟಿಗೆಯನ್ನೇ ಇಟ್ಟುಕೊಂಡಿದ್ದರು, ಒಂದು ಮನೆ ಸರಾಸರಿ ವರ್ಷಕ್ಕೆ 231 ಡಾಲರ್ ಬಾಡಿಗೆ ಕಟ್ಟುತ್ತಿತ್ತು. 2016ರಲ್ಲಿ ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಮುಖ್ಯಸ್ಥ ಟಾಮ್ ವೀಲರ್ ಈ ಬೀಗ ತೆಗೆಯುವ ಪ್ರಸ್ತಾವ ತಂದರು, ಅದೇ ವರ್ಷ ಅದು ಮತಕ್ಕೆ ಬರದೆ ಬಿದ್ದುಹೋಯಿತು. ಹೊಸ ಕಾಲದ ಉಚಿತ ಪ್ರಸಾರಕ್ಕೂ ಅಲ್ಲಿ ಈಗ ಬೀಗ ಬರುತ್ತಿದೆ. ಎಟಿಎಸ್‌ಸಿ 3.0 ಅನ್ನುವ ಮುಂದಿನ ಪೀಳಿಗೆಯ ಪ್ರಸಾರದಲ್ಲೇ ಇಂಟರ್ನೆಟ್ ಬೆರೆತಿದೆ, ಅಂದರೆ ಹುಟ್ಟಿನಿಂದಲೇ ಹೈಬ್ರಿಡ್. ಅದನ್ನು ಹಲವು ಕೇಂದ್ರಗಳು ಗೂಢಲಿಪಿಯಲ್ಲಿ ಕಳಿಸುತ್ತಿವೆ. ಆಂಟೆನಾಕ್ಕೆ ಸಿಗ್ನಲ್ ಬಂದರೂ ಒಪ್ಪಿಗೆ ಪಡೆಯದ ಪೆಟ್ಟಿಗೆ ಚಿತ್ರ ತೋರಿಸುವುದಿಲ್ಲ. ಗಾಳಿಯಲ್ಲಿ ಉಚಿತವಾಗಿ ಬರುವುದಕ್ಕೆ ಬೀಗ ಹಾಕುವುದು ತಪ್ಪು ಅಂತಲೇ ನನ್ನ ನಿಲುವು, ಯಾಕೆಂದರೆ ಆ ತರಂಗಾಂತರ ಸಾರ್ವಜನಿಕರ ಆಸ್ತಿ. ಇದೇ ಎಟಿಎಸ್‌ಸಿ 3.0ರ ಪೇಟೆಂಟ್ ಜಗಳದಲ್ಲಿ ಸೋತು ಎಲ್‌ಜಿ 2024ರ ಮಾದರಿಗಳಿಂದ ಆ ಟ್ಯೂನರನ್ನೇ ಕೈಬಿಟ್ಟಿತು.

ಹಾಗಾಗಿ ಕೊಳ್ಳುವ ಮುಂಚೆ ನಾನು ನೋಡುವುದು ಇಷ್ಟು. ನೆಟ್ ತೆಗೆದರೂ ಚಾನೆಲ್ ಬರುತ್ತದಾ? ಲಾಗಿನ್ ಆಗದೆ ಚಾನೆಲ್ ಪಟ್ಟಿ ತೆರೆಯುತ್ತದಾ? ಎವಿ1 ಇದೆಯಾ? ಸುರಕ್ಷತಾ ಅಪ್‌ಡೇಟ್ ಎಷ್ಟು ವರ್ಷ ಅಂತ ಬರವಣಿಗೆಯಲ್ಲಿ ಕೊಟ್ಟಿದ್ದಾರಾ? 4ಕೆ ಅಂತ ಡಬ್ಬಿ ಮೇಲೆ ಬರೆದಿದ್ದರೆ ಸಾಲದು, ನೀವು ನೋಡುವ ಓಟಿಟಿಯ ಒಪ್ಪಿಗೆ ಆ ಮಾದರಿಗೆ ಇರಬೇಕು, ಇಲ್ಲದಿದ್ದರೆ ಚಿತ್ರ ಮಸುಕಾಗೇ ಬರುತ್ತದೆ. ಬಾಡಿಗೆ ಪೆಟ್ಟಿಗೆಯಾದರೆ ಚಂದಾ ನಿಲ್ಲಿಸಿದ ಮೇಲೆ ಅದರಲ್ಲಿ ಉಚಿತ ಚಾನೆಲ್ ಉಳಿಯುತ್ತದಾ ಅಂತಲೂ ಕೇಳಿ.

ಇಷ್ಟಕ್ಕೂ ಟ್ಯೂನರ್ ಎಷ್ಟು ದಿನ? 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಮೊದಲ ಸಲ ಸ್ಟ್ರೀಮಿಂಗ್ ನೋಡುವ ಸಮಯ ಪ್ರಸಾರ ಮತ್ತು ಕೇಬಲ್ ಎರಡನ್ನೂ ಕೂಡಿದ್ದಕ್ಕಿಂತ ಜಾಸ್ತಿಯಾಯಿತು, ಟಿವಿ ವೀಕ್ಷಣೆ ಅಳೆಯುವ ನೀಲ್ಸನ್ ಕಂಪನಿಯ ಲೆಕ್ಕದಲ್ಲಿ 44.8% ಮತ್ತು 44.2%. ಸ್ಕೈ 2021ರಲ್ಲೇ ಡಿಶ್ ಬೇಡದ ಟಿವಿ ತಂದಿತು, ಮುಂದಿನ ವರ್ಷ ಡಿಶ್ ಬೇಡದ ಪುಟ್ಟ ಪೆಟ್ಟಿಗೆ. ಸ್ವಿಟ್ಜರ್‌ಲೆಂಡ್‌ನ ಸಾರ್ವಜನಿಕ ವಾಹಿನಿ 2019ರ ಜೂನ್‌ನಲ್ಲಿ ಆಂಟೆನಾ ಪ್ರಸಾರ ನಿಲ್ಲಿಸಿಬಿಟ್ಟಿತು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಲ್ಲಿ ಬಂದ ಫ್ರೀಲಿ ಉಚಿತ ಚಾನೆಲ್‌ಗಳನ್ನು ನೆಟ್‌ನಲ್ಲೇ ಲೈವ್ ಕೊಡುತ್ತದೆ, ಆಂಟೆನಾ ಇದ್ದರೆ ಅದನ್ನೂ ಸೇರಿಸಿಕೊಳ್ಳುತ್ತದೆ. ಫ್ರಾನ್ಸಿನಲ್ಲಿ ಟಿಎಫ್1 ಅನ್ನುವ ವಾಹಿನಿ ಸಂಸ್ಥೆ ತನ್ನ ಚಾನೆಲ್‌ಗಳನ್ನು ನೆಟ್‌ಫ್ಲಿಕ್ಸ್‌ನೊಳಗೆ ತೋರಿಸುವ ಒಪ್ಪಂದವನ್ನು 2025ರಲ್ಲಿ ಘೋಷಿಸಿತು. 2010ರಲ್ಲಿ ವಾಹಿನಿಗಳು ಗೂಗಲ್ ಪೆಟ್ಟಿಗೆಗೆ ಬಾಗಿಲು ಹಾಕಿದ್ದನ್ನು ನೆನೆದರೆ, ಈಗ ಅವೇ ಇನ್ನೊಬ್ಬರ ಬಾಗಿಲು ತಟ್ಟುತ್ತಿವೆ.

ಬ್ರೆಜಿಲ್ ಬೇರೆ ದಾರಿ ಹಿಡಿದಿದೆ. ಅಧ್ಯಕ್ಷ ಲೂಲಾ 2025ರ ಆಗಸ್ಟ್‌ನಲ್ಲಿ ಸಹಿ ಹಾಕಿದ ಟಿವಿ 3.0ರಲ್ಲಿ ಗಾಳಿಯಲ್ಲಿ ಬರುವ ಉಚಿತ ಚಾನೆಲ್ಲೇ ಒಂದು ಆ್ಯಪ್ ಆಗಿ ಮೊದಲ ಪರದೆಯಲ್ಲಿ ಕೂರುತ್ತದೆ, ನೆಟ್ ಇದ್ದವರಿಗೆ ಇನ್ನಷ್ಟು ತೆರೆಯುತ್ತದೆ, ಇಲ್ಲದವರಿಗೆ ಚಾನೆಲ್ ಅಂತೂ ಬರುತ್ತದೆ. ನನಗೆ ಇದು ಸರಿಯಾದ ಹೈಬ್ರಿಡ್ ಅನ್ನಿಸುತ್ತದೆ. ನೆಟ್ ಕಟ್ಟಲಾಗದ ಮನೆ, ನೆಟ್ ಸರಿಯಾಗಿ ಸಿಗದ ಊರು, ಪ್ರವಾಹ ಬಂದು ಮೊಬೈಲ್ ಟವರ್ ಮಲಗಿದ ದಿನ, ಇವೆಲ್ಲ ಎಲ್ಲ ದೇಶದಲ್ಲೂ ಇವೆ.

ಬ್ರಿಟನ್ನಿನಲ್ಲಿ ಆಂಟೆನಾ ಪ್ರಸಾರಕ್ಕೆ 2034ರವರೆಗೆ ಭರವಸೆ ಇದೆ. ಆಮೇಲೆ ಪ್ರಸಾರ ಜಾಲವನ್ನು ಹೊಸದು ಮಾಡಿ ಉಳಿಸುವುದಾ, ಕೆಲವೇ ಚಾನೆಲ್‌ಗೆ ಇಳಿಸುವುದಾ, ಪೂರ್ತಿ ಆರಿಸುವುದಾ ಅಂತ ಅಲ್ಲಿನ ಮಾಧ್ಯಮ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2024ರಲ್ಲಿ ಮೂರು ದಾರಿ ಮುಂದಿಟ್ಟಿದೆ. ಯುರೋಪ್ ಮತ್ತು ಆಫ್ರಿಕಾ ಸೇರಿದ ವಲಯದಲ್ಲಿ ಟಿವಿಗೆ ಮೀಸಲಾದ 470–694 ಮೆಗಾಹರ್ಟ್ಸ್ ತರಂಗಗಳ ಗತಿ 2031ರ ವಿಶ್ವ ರೇಡಿಯೊ ಸಮ್ಮೇಳನದಲ್ಲಿ ಮತ್ತೆ ಚರ್ಚೆಗೆ ಬರಲಿದೆ. ಇವತ್ತು ವಿನ್ಯಾಸ ಆಗುತ್ತಿರುವ ಪೆಟ್ಟಿಗೆಗಳು ಆ ಹೊತ್ತಿಗೂ ಮನೆಗಳಲ್ಲಿ ಇರುತ್ತವೆ. ಅವುಗಳಿಗೆ ಟ್ಯೂನರ್ ಹಾಕಬೇಕಾ ಬೇಡವಾ ಅಂತ ಕಂಪನಿಗಳು ಈಗಲೇ ಲೆಕ್ಕ ಹಾಕುತ್ತಿವೆ, ಆ ಲೆಕ್ಕದ ಕೋಣೆಯಲ್ಲಿ ನೋಡುವವರ ಕಡೆಯಿಂದ ಮಾತಾಡುವವರು ತುಂಬಾ ಕಡಿಮೆ.